ಗ್ರಂಥಸೂಚಿಯಿಂದ ಕಾದಂಬರಿಯಾಗದು

2025ರಲ್ಲಿ ತೀರಿಕೊಂಡ ಎಸ್.ಎಲ್. ಭೈರಪ್ಪನವರನ್ನು ಓದದೆಯೇ ಹೊಗಳುವವರೂ ಓದದೆಯೇ ತೆಗಳುವವರೂ ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಇಬ್ಬರೂ ಮೊದಲು ‘ಗೃಹಭಂಗ’ (1970) ಓದಲಿ. ಗಂಡನ ಶ್ಯಾನುಭೋಗಿಕೆಯ ಲೆಕ್ಕ ತಾನೇ ಬರೆದು ಸಂಸಾರ ತೂಗಿಸುವ ನಂಜಮ್ಮ ಯಾವ ವಾದಕ್ಕೂ ವಕೀಲಳಲ್ಲ. ಬಾಯಿಬಡುಕಿ ಅತ್ತೆ ಗಂಗಮ್ಮನೂ ಅಲ್ಲಿ ಜೀವಂತ ಮನುಷ್ಯಳೇ. ‘ದಾಟು’ವಿನಲ್ಲೂ (1973) ಜಾತಿಯ ಪ್ರಶ್ನೆಗೆ ಸುಲಭದ ತೀರ್ಪಿಲ್ಲ.

‘ಆವರಣ’ದಲ್ಲಿ (2007) ಈ ಔದಾರ್ಯ ಕಾಣೆಯಾಗಿದೆ. ರಜಿಯಾ ಆದ ಲಕ್ಷ್ಮಿಗೆ ಓದಲು ಪುಸ್ತಕಗಳ ರಾಶಿಯಿದೆ. ಅವಳ ಗಂಡ ಅಮೀರನಿಗೆ ಮನಸ್ಸು ಬಿಚ್ಚಲು ಜಾಗವಿಲ್ಲ. ಗ್ರಂಥಸೂಚಿ ಎಷ್ಟು ಉದ್ದವಿದ್ದರೂ ಪಾತ್ರಕ್ಕೆ ಉಸಿರು ಕೊಡದು.

ಔರಂಗಜೇಬ ದೇಗುಲ ಕೆಡವಿಸಿದ್ದು ಸತ್ಯ, ಅದನ್ನು ಮುಚ್ಚಿಡಬೇಕಾಗಿಲ್ಲ. ತರೀಕೆರೆ ಸೀಮೆಯವರೇ ಆದ ರಹಮತ್ ತರೀಕೆರೆ ‘ಕರ್ನಾಟಕದ ಸೂಫಿಗಳು’ ಕೃತಿಯಲ್ಲಿ ದಾಖಲಿಸಿದ, ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ದರ್ಗಾಗಳೂ ಅಷ್ಟೇ ಸತ್ಯ. ಒಂದು ಸತ್ಯವನ್ನು ಎತ್ತಿ ಹಿಡಿದು ಇನ್ನೊಂದನ್ನು ಮರೆಮಾಡುವುದೂ ಆವರಣವೇ ಅಲ್ಲವೇ?

ಇದಕ್ಕೆ ಉತ್ತರ ನಿಷೇಧವಲ್ಲ, ಧಿಕ್ಕಾರವೂ ಅಲ್ಲ. ಸಾರಾ ಅಬೂಬಕ್ಕರ್, ಬೊಳುವಾರು ಮಹಮದ್ ಕುಂಞಿ ಬರೆದ ಮುಸ್ಲಿಮರ ಒಳಮನೆಗಳ ಪಕ್ಕದಲ್ಲಿಟ್ಟು ‘ಆವರಣ’ವನ್ನು ಓದಿ. ಅದರಲ್ಲಿ ಏನಿಲ್ಲವೆಂಬುದು ತಾನಾಗಿ ಕಾಣುತ್ತದೆ.