ವಿಳಾಸ ಹೇಳುವ ಹೆಸರನ್ನು ಎಷ್ಟು ನಂಬಬೇಕು?

ದೂರವಾಣಿ ಇಲಾಖೆಯ ದಪ್ಪ ಡೈರೆಕ್ಟರಿಯನ್ನು ಬಳಸಿದವರಿಗೆ ಅದರ ಮಿತಿಯೊಂದು ನೆನಪಿದ್ದೀತು. ಹೆಸರು ಗೊತ್ತಿದ್ದರೆ ಸಂಖ್ಯೆ ಸಿಗುತ್ತಿತ್ತು. ಸಂಖ್ಯೆಯಷ್ಟೇ ಗೊತ್ತಿದ್ದರೆ ಅದು ಯಾರದೆಂದು ತಿಳಿಯಲು ಆ ಪುಸ್ತಕ ನೆರವಾಗುತ್ತಿರಲಿಲ್ಲ. ಅಂತರ್ಜಾಲದ ಡೈರೆಕ್ಟರಿ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದೆ. ಹೆಸರು ಕೊಟ್ಟರೆ ಐಪಿ ವಿಳಾಸವನ್ನೂ, ಐಪಿ ವಿಳಾಸ ಕೊಟ್ಟರೆ ಅದರ ಹೋಸ್ಟ್ ಹೆಸರನ್ನೂ ಅದು ಹೇಳಬಲ್ಲದು. ವಿಂಡೋಸ್ ಗಣಕದಲ್ಲಿ ‘ಎನ್‌ಎಸ್‌ಲುಕಪ್’ ಎಂಬ ಆದೇಶದ ಮುಂದೆ 8.8.8.8 ಎಂದು ಬರೆದರೆ ‘ಡಿಎನ್‌ಎಸ್ ಡಾಟ್ ಗೂಗಲ್’ ಎಂಬ ಉತ್ತರ ಕ್ಷಣಾರ್ಧದಲ್ಲಿ ಬರುತ್ತದೆ. ಇಷ್ಟು ಸುಲಭವಾಗಿ ಸಿಗುವುದರಿಂದಲೇ ಇರಬೇಕು, ಆ ಉತ್ತರದ ತೂಕವೆಷ್ಟು ಎಂದು ಕೇಳುವವರು ಕಡಿಮೆ. ಹಲವು ವರ್ಷ ಜಾಲ ನಿರ್ವಹಣೆಯ ಕೆಲಸ ಮಾಡಿದ ನನಗೆ, ಇದು ತಂತ್ರಜ್ಞರ ಪ್ರಶ್ನೆ ಮಾತ್ರವಲ್ಲ, ನಾಗರಿಕ ಸ್ವಾತಂತ್ರ್ಯದ ಪ್ರಶ್ನೆಯೂ ಹೌದು ಎನಿಸುತ್ತದೆ.

1983ರಲ್ಲಿ ಪಾಲ್ ಮೊಕಪೆಟ್ರಿಸ್ ಅವರು ಡಿಎನ್‌ಎಸ್ ವ್ಯವಸ್ಥೆಯನ್ನು ರೂಪಿಸುವ ಮೊದಲು ಜಾಲದ ಎಲ್ಲ ಹೆಸರುಗಳೂ ಒಂದೇ ಕಡತದಲ್ಲಿದ್ದವು. ಕ್ಯಾಲಿಫೋರ್ನಿಯದ ಎಸ್‌ಆರ್‌ಐ ಸಂಸ್ಥೆ ಅದನ್ನು ನೋಡಿಕೊಳ್ಳುತ್ತಿತ್ತು. ಆಗ ಹೆಸರಿನಿಂದ ಸಂಖ್ಯೆಗೆ ಹೋಗುವುದೂ ಸಂಖ್ಯೆಯಿಂದ ಹೆಸರಿಗೆ ಬರುವುದೂ ಒಂದೇ ಸಾಲನ್ನು ಆ ತುದಿಯಿಂದಲೋ ಈ ತುದಿಯಿಂದಲೋ ಓದಿದಂತೆ. ಡಿಎನ್‌ಎಸ್ ಬಂದ ಮೇಲೆ ಹೆಸರುಗಳ ಉಸ್ತುವಾರಿ ಅವುಗಳನ್ನು ನೋಂದಾಯಿಸಿದವರಿಗೆ, ಸಂಖ್ಯೆಗಳ ಉಸ್ತುವಾರಿ ಅವುಗಳನ್ನು ಹಂಚಿಕೆ ಪಡೆದವರಿಗೆ ಸೇರಿತು. ಎರಡು ದಾರಿ, ಇಬ್ಬರು ಒಡೆಯರು. ನಾನು ಹೇಳಹೊರಟಿರುವ ತೊಡಕೆಲ್ಲ ಹುಟ್ಟುವುದು ಇಲ್ಲಿಂದಲೇ.

ಹಿಮ್ಮುಖ ಹುಡುಕಾಟದ ವಿಧಾನ ಸ್ವಾರಸ್ಯಕರವಾಗಿದೆ. ಐಪಿ ವಿಳಾಸ ನಮ್ಮ ಹಳೆ ಮೈಸೂರಿನ ಕಡೆಯ ಹೆಸರುಗಳಂತೆ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತದೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂದಾಗ ಮೊದಲು ಊರು, ಆಮೇಲೆ ತಂದೆ, ಕೊನೆಗೆ ವ್ಯಕ್ತಿ. ಹೋಸ್ಟ್ ಹೆಸರಾದರೋ ಅಂಚೆ ವಿಳಾಸದಂತೆ ಮನೆಯಿಂದ ಹೊರಟು ಬೀದಿ, ಊರು, ದೇಶ ಎಂದು ಹಿಗ್ಗುತ್ತದೆ. ಎರಡನ್ನೂ ಒಂದೇ ಮರದಲ್ಲಿ ಕೂರಿಸಲು ಸಂಖ್ಯೆಯನ್ನು ತಿರುಗಿಸಬೇಕಾಯಿತು. ಹೀಗೆ 192.0.2.10 ಎಂಬುದು 10.2.0.192 ಆಗುತ್ತದೆ; ಅದರ ಬಾಲಕ್ಕೆ ‘ಇನ್-ಆಡರ್ ಡಾಟ್ ಅರ್ಪ’ ಎಂದು ಸೇರಿಸಿ, ಆ ಜಾಗದಲ್ಲಿ ಬರೆದಿಟ್ಟ ಪಿಟಿಆರ್ ಎಂಬ ದಾಖಲೆಯನ್ನು ಓದಲಾಗುತ್ತದೆ. ‘ಅರ್ಪ’ ಎಂಬುದು ಅಂತರ್ಜಾಲದ ಪೂರ್ವಿಕ ಅರ್ಪಾನೆಟ್‌ನಿಂದ ಉಳಿದುಬಂದ ಗುರುತು.

ಈ ದಾಖಲೆಯಲ್ಲಿ ಹೆಸರನ್ನು ಬರೆಯುವವನು ಸಂಖ್ಯೆಯ ಒಡೆಯ. ಅವನು ಯಾರ ಹೆಸರನ್ನು ಬರೆದರೂ ಡಿಎನ್‌ಎಸ್ ತಡೆಯುವುದಿಲ್ಲ; ಹೆಸರಿನ ಒಡೆಯನ ಒಪ್ಪಿಗೆಯನ್ನು ಕೇಳುವುದೂ ಇಲ್ಲ. ನನ್ನ ಹಿಡಿತದಲ್ಲಿರುವ ವಿಳಾಸವೊಂದಕ್ಕೆ ನಾನು ಹೆಸರಾಂತ ಬ್ಯಾಂಕಿನ ಹೆಸರಿಟ್ಟರೆ, ಹುಡುಕಿದವರಿಗೆಲ್ಲ ಆ ಬ್ಯಾಂಕಿನ ಹೆಸರೇ ಕಾಣುತ್ತದೆ. ಬಾಡಿಗೆ ಮನೆಯ ಬಾಗಿಲಿಗೆ ಜಿಲ್ಲಾಧಿಕಾರಿಗಳ ನಾಮಫಲಕ ತೂಗುಹಾಕಿದಂತೆ. ಮೋಸ ಬಯಲಾಗುವುದು ಮರುಪರೀಕ್ಷೆಯಿಂದ ಮಾತ್ರ: ಸಿಕ್ಕ ಹೆಸರನ್ನು ಮತ್ತೆ ಮುಂದಿನ ದಾರಿಯಲ್ಲಿ ಹುಡುಕಿ, ಅದು ಮೊದಲಿನ ಸಂಖ್ಯೆಗೇ ಮರಳುತ್ತದೆಯೇ ಎಂದು ನೋಡಬೇಕು. ಜವಾಬ್ದಾರಿಯುತ ಮಿಂಚಂಚೆ ಸರ್ವರುಗಳು ಬಹುಕಾಲದಿಂದ ಇದನ್ನು ಮಾಡುತ್ತಿವೆ. ತನ್ನ ಬಳಕೆದಾರರಿಗೆ ಅಂಚೆ ಕಳುಹಿಸುವವರ ಎರಡೂ ದಾಖಲೆಗಳು ಸರಿಯಾಗಿರಬೇಕೆಂದು ಗೂಗಲ್ 2024ರ ಫೆಬ್ರುವರಿಯಿಂದ ವಿಧಿಸಿದೆ.

ಸಣ್ಣ ಸಂಸ್ಥೆಗಳಿಗೆ ಇದರಿಂದ ತೊಂದರೆಯೂ ಇದೆ ಎಂಬುದನ್ನು ಮರೆಯಬಾರದು. ನನಗೆ ಪರಿಚಯವಿದ್ದ ಪುಟ್ಟ ಶಿಕ್ಷಣ ಸಂಸ್ಥೆಯೊಂದು ತನ್ನದೇ ಅಂಚೆ ಸರ್ವರು ಇಟ್ಟುಕೊಂಡಿತ್ತು. ಅದರ ಪತ್ರಗಳು ಪೋಷಕರನ್ನು ತಲುಪುತ್ತಲೇ ಇರಲಿಲ್ಲ. ಬೇಕಾಗಿದ್ದದ್ದು ಒಂದು ಸಾಲಿನ ಪಿಟಿಆರ್ ದಾಖಲೆ. ಅದನ್ನು ಬರೆಯುವ ಅಧಿಕಾರವಿದ್ದದ್ದು ಸಂಪರ್ಕ ಕೊಟ್ಟ ಕಂಪನಿಗೆ. ಆ ಒಂದು ಸಾಲು ಬರೆಸಲು ನಾವು ವಾರಗಟ್ಟಲೆ ಫೋನು ಮಾಡಬೇಕಾಯಿತು. ಅತ್ತ ತುದಿಯಲ್ಲಿದ್ದವರಿಗೆ ನಾವು ಏನನ್ನು ಕೇಳುತ್ತಿದ್ದೇವೆಂಬುದೇ ತಿಳಿದಿರಲಿಲ್ಲ.

ಆದರೆ ಅಂಚೆ ತಲುಪದಿರುವುದು ಒಂದು ಮಾತು, ಮನುಷ್ಯ ಜೈಲಿಗೆ ಹೋಗುವುದು ಬೇರೆಯೇ ಮಾತು. ಮನೆಯ ಸಂಪರ್ಕವೊಂದರ ವಿಳಾಸವನ್ನು ಹಿಮ್ಮುಖವಾಗಿ ಹುಡುಕಿದರೆ ಸಾಮಾನ್ಯವಾಗಿ ಸಿಗುವುದು ಸೇವಾ ಸಂಸ್ಥೆಯ ಹೆಸರಿನ ಜೊತೆ ಅದೇ ಅಂಕಿಗಳನ್ನು ಹೆಣೆದ, ಯಂತ್ರ ಕೊಟ್ಟ ಹೆಸರು. ಕೆಲವೊಮ್ಮೆ ಅದೂ ಇಲ್ಲ. ಅಲ್ಲಿಂದ ಮುಂದೆ, ಆ ಗಳಿಗೆಯಲ್ಲಿ ಆ ವಿಳಾಸ ಯಾವ ಗ್ರಾಹಕನ ಬಳಿ ಇತ್ತು ಎಂಬುದು ಆ ಸಂಸ್ಥೆಯ ಒಳಗಿನ ದಾಖಲೆಗೆ ಬಿಟ್ಟದ್ದು. ಅದನ್ನು ಹೊರಗಿನವರಾರೂ ಮರುಪರೀಕ್ಷೆ ಮಾಡಲಾರರು.

ಇದರ ಪರಿಣಾಮವನ್ನು ಬೆಂಗಳೂರು ಕಂಡಿದೆ. 2007ರ ಆಗಸ್ಟ್ ಕೊನೆಯಲ್ಲಿ ಪುಣೆಯ ಪೊಲೀಸರು ಇಲ್ಲಿನ ಯುವ ಸಾಫ್ಟ್‌ವೇರ್ ಎಂಜಿನಿಯರೊಬ್ಬರನ್ನು ಬಂಧಿಸಿ ಕರೆದೊಯ್ದರು. ಈಗ ಮುಚ್ಚಿಹೋಗಿರುವ ಆರ್ಕುಟ್ ತಾಣದಲ್ಲಿ ಛತ್ರಪತಿ ಶಿವಾಜಿಯನ್ನು ಅವಮಾನಿಸುವ ಚಿತ್ರ ಹಾಕಿದರೆಂಬುದು ಆರೋಪ. ಆಧಾರ ಒಂದು ಐಪಿ ವಿಳಾಸ, ಅದು ಯಾರದೆಂದು ಸೇವಾ ಸಂಸ್ಥೆ ಕೊಟ್ಟ ಉತ್ತರ. ಉತ್ತರವೇ ತಪ್ಪಾಗಿತ್ತು. ಅದು ತಿದ್ದಿ ಅವರು ಹೊರಬರುವ ಹೊತ್ತಿಗೆ ಜೈಲಿನಲ್ಲಿ ಸುಮಾರು 50 ದಿನ ಕಳೆದಿದ್ದವು. ಆ ಯುವಕ ತಾನು ಆ ಕೆಲಸ ಮಾಡಿಲ್ಲವೆಂದು ಹೇಳುತ್ತಲೇ ಇದ್ದರು. ಕಂಪ್ಯೂಟರು ಹೇಳಿದ್ದಕ್ಕೂ ಮನುಷ್ಯ ಹೇಳಿದ್ದಕ್ಕೂ ಘರ್ಷಣೆ ಬಂದಾಗ ನಮ್ಮ ವ್ಯವಸ್ಥೆ ಯಾರ ಮಾತನ್ನು ನಂಬಿತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಅಂದಿನಿಂದ ಇಂದಿಗೆ ಪರಿಸ್ಥಿತಿ ಸರಳವಾಗಿಲ್ಲ, ಇನ್ನಷ್ಟು ಜಟಿಲವಾಗಿದೆ. ಹಳೆಯ ಮಾದರಿಯ ವಿಳಾಸಗಳು ಇರುವುದೇ ಸುಮಾರು 430 ಕೋಟಿ. ಜಾಗತಿಕ ದಾಸ್ತಾನಿನ ಕೊನೆಯ ಕಂತು 2011ರ ಫೆಬ್ರುವರಿಯಲ್ಲೇ ಹಂಚಿಹೋಯಿತು. ಹಾಗಾಗಿ ಸೇವಾ ಸಂಸ್ಥೆಗಳು ಒಂದೇ ವಿಳಾಸವನ್ನು ಏಕಕಾಲಕ್ಕೆ ಅನೇಕ ಗ್ರಾಹಕರಿಗೆ ಹಂಚುತ್ತವೆ. ನಿಮ್ಮ ಮೊಬೈಲು, ಪಕ್ಕದ ಬೀದಿಯ ಅಂಗಡಿಯವನ ಮೊಬೈಲು, ಬಸ್ಸಿನಲ್ಲಿ ಕುಳಿತ ಅಪರಿಚಿತನೊಬ್ಬನ ಮೊಬೈಲು ಹೊರಜಗತ್ತಿಗೆ ಒಂದೇ ವಿಳಾಸವಾಗಿ ಕಾಣಬಹುದು. ಇವರನ್ನು ಬೇರ್ಪಡಿಸುವುದು ಪೋರ್ಟ್ ಸಂಖ್ಯೆ ಮತ್ತು ನಿಖರವಾದ ಸಮಯ. ಸಮಯವೆಂದರೂ ಯಾವ ದೇಶದ ಸಮಯ? ಸರ್ವರುಗಳು ಬಹಳ ಸಲ ಅಂತರರಾಷ್ಟ್ರೀಯ ಕಾಲಮಾನದಲ್ಲಿ ದಾಖಲಿಸುತ್ತವೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಅಷ್ಟು ಹೊತ್ತಿನಲ್ಲಿ ಒಂದು ವಿಳಾಸ ಎಷ್ಟು ಕೈ ಬದಲಾಯಿಸಿರುತ್ತದೋ!

ಭಾರತದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನ ದಾಖಲೆಗಳನ್ನು 180 ದಿನ ಇಡಬೇಕೆನ್ನುತ್ತದೆ, ಗಡಿಯಾರಗಳನ್ನು ಅಧಿಕೃತ ಸಮಯಕ್ಕೆ ಹೊಂದಿಸಬೇಕೆನ್ನುತ್ತದೆ. ಗಡಿಯಾರದ ಮಾತು ಸ್ವಾಗತಾರ್ಹ. ದಾಖಲೆಯನ್ನು ಹೆಚ್ಚು ದಿನ ಇಟ್ಟ ಮಾತ್ರಕ್ಕೆ ಅದು ಹೆಚ್ಚು ಸತ್ಯವಾಗುವುದಿಲ್ಲ ಎಂಬುದು ನನ್ನ ತಕರಾರು. ತನಿಖಾಧಿಕಾರಿಯ ಕೋರಿಕೆಯಲ್ಲಿ ವಿಳಾಸ, ಪೋರ್ಟ್, ಕಾಲಮಾನ ಸಹಿತವಾದ ಸಮಯ ಮೂರೂ ಇರಬೇಕು. ಸೇವಾ ಸಂಸ್ಥೆಯ ಉತ್ತರವನ್ನು ಒಬ್ಬರು ತೆಗೆದು ಇನ್ನೊಬ್ಬರು ತಾಳೆ ನೋಡಿ ಇಬ್ಬರೂ ಸಹಿ ಹಾಕಬೇಕು. ಈ ವಿವರಗಳಿಲ್ಲದ ಕೋರಿಕೆಯನ್ನು ಸಂಸ್ಥೆ ಹಿಂದಿರುಗಿಸುವುದಕ್ಕಾಗಲಿ, ಬರೀ ವಿಳಾಸವೊಂದನ್ನೇ ಹಿಡಿದು ಬಂದ ಪೊಲೀಸರನ್ನು ಮ್ಯಾಜಿಸ್ಟ್ರೇಟರು ‘ಬೇರೆ ಪುರಾವೆ ಏನಿದೆ?’ ಎಂದು ಕೇಳುವುದಕ್ಕಾಗಲಿ ಹೊಸ ಕಾನೂನಿಗೆ ಕಾಯಬೇಕಿಲ್ಲ.