ಮೂಗಿಗಿಂತ ಮೂಗುತಿ ಭಾರ: ಕಾರು ದುರಸ್ತಿಯ ಅಂದಾಜು ಪಟ್ಟಿ ಯಾರ ಪರ?

ಬೈರಿದೇವರಕೊಪ್ಪ: ಹುಬ್ಬಳ್ಳಿ–ಧಾರವಾಡ ಅವಳಿ ನಗರವನ್ನು ಬೆಸೆಯುವ ಹಳೆಯ ಪಿ.ಬಿ. ರಸ್ತೆಯಲ್ಲಿ ಬೈರಿದೇವರಕೊಪ್ಪವನ್ನು ಹಾದುಹೋಗುವ ಕಾರುಗಳಿಗೆ ಲೆಕ್ಕವಿಲ್ಲ. ಸಾಲ ಮಾಡಿ ಕೊಂಡ ಕಾರು, ಪ್ರತಿವರ್ಷ ತಪ್ಪದೆ ಕಟ್ಟುವ ವಿಮಾ ಕಂತು. ಇಷ್ಟಿದ್ದರೆ ಅಪಘಾತವಾದರೂ ಚಿಂತೆಯಿಲ್ಲವೆಂಬುದು ಮಧ್ಯಮ ವರ್ಗದ ನಂಬಿಕೆ. ಶೋರೂಮಿನ ಸರ್ವೀಸ್ ಕೌಂಟರಿನಲ್ಲಿ ದುರಸ್ತಿಯ ಅಂದಾಜು ಪಟ್ಟಿ ಕೈಗೆ ಬಂದಾಗ ಆ ನಂಬಿಕೆ ಅಲುಗಾಡತೊಡಗುತ್ತದೆ.

ಈ ಪಟ್ಟಿಯ ಕುರಿತು ರಾಜ್ಯದಲ್ಲಿ ದೊಡ್ಡ ಚರ್ಚೆ ಎಬ್ಬಿಸಿದ್ದು 2022ರ ಬೆಂಗಳೂರಿನ ಪ್ರಕರಣ. ಆ ವರ್ಷ ಸೆಪ್ಟೆಂಬರಿನ ಮಳೆಗೆ ನಗರದ ಪೂರ್ವ ಭಾಗದ ಬಡಾವಣೆಗಳು ಜಲಾವೃತವಾದಾಗ ಉದ್ಯೋಗಿಯೊಬ್ಬರ ಫೋಕ್ಸ್‌ವ್ಯಾಗನ್ ಪೋಲೊ ಕಾರು ನೀರಿನಲ್ಲಿ ಸಿಲುಕಿತು. ಅದನ್ನು ವೈಟ್‌ಫೀಲ್ಡ್‌ನ ಅಧಿಕೃತ ಕೇಂದ್ರಕ್ಕೆ ಎಳೆದೊಯ್ಯಲಾಯಿತು. ಸುಮಾರು ಮೂರು ವಾರಗಳ ಬಳಿಕ ಬಂದ ಅಂದಾಜು 22 ಲಕ್ಷ ರೂಪಾಯಿ. ಕಾರಿನ ಬೆಲೆ 11 ಲಕ್ಷ!

ವಿಮಾ ಕಂಪನಿಯು ಕಾರನ್ನು ಪೂರ್ಣ ನಷ್ಟವೆಂದು ಪರಿಗಣಿಸಲು ಒಪ್ಪಿತು. ಆದರೆ ಕ್ಲೇಮಿಗೆ ಬೇಕಾದ ದಾಖಲೆ ನೀಡಲು ಕೇಂದ್ರವು 44,840 ರೂಪಾಯಿಯ ಬಿಲ್ ಮುಂದಿಟ್ಟಿತೆಂಬುದು ಮಾಲೀಕರ ದೂರು. ಅವರು ತಯಾರಿಕಾ ಕಂಪನಿಗೆ ಬರೆದು, ವಿಷಯ ಸಾರ್ವಜನಿಕವಾದ ಮೇಲೆ 5,000 ರೂಪಾಯಿಗೆ ವ್ಯವಹಾರ ಮುಗಿಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. 38,000 ರೂಪಾಯಿಗೆ ಶೇ 18ರಷ್ಟು ಜಿಎಸ್‌ಟಿ ಸೇರಿಸಿದರೆ ಸರಿಯಾಗಿ 44,840 ಆಗುತ್ತದೆ. ಅದು 22 ಲಕ್ಷದ ಹೆಚ್ಚುಕಡಿಮೆ ಶೇ 2. ಒಂದು ಸ್ಕ್ರೂ ಕೂಡ ಬದಲಾಗದ ಕಾರಿಗೆ ಕೇಳಿದ ಹಣವಿದು. ಅಂದಾಜಿನ ಶುಲ್ಕವನ್ನು ಶೇಕಡಾವಾರು ಲೆಕ್ಕದಲ್ಲಿ ವಿಧಿಸುವುದಾದರೆ ಪಟ್ಟಿ ಉದ್ದವಾದಷ್ಟೂ ಶುಲ್ಕವೂ ಬೆಳೆಯುತ್ತದೆ. ಪಟ್ಟಿ ಬರೆಯುವವರೇ ಅದರ ಫಲಾನುಭವಿಗಳಾಗುವ ಈ ಪದ್ಧತಿಯೇ ವಿವಾದದ ಮೂಲ.

ಶೇ 75ರ ಗೆರೆ

ಪಾಲಿಸಿಯಲ್ಲಿ ಕಾರಿಗೆ ನಿಗದಿಯಾದ ಮೌಲ್ಯವನ್ನು ಐಡಿವಿ ಎನ್ನುತ್ತಾರೆ. ದುರಸ್ತಿ ವೆಚ್ಚವು ಇದರ ಶೇ 75ನ್ನು ಮೀರಿದರೆ ಕಾರನ್ನು ಪೂರ್ಣ ನಷ್ಟವೆಂದು ಪರಿಗಣಿಸುವುದು ರೂಢಿಯ ನಿಯಮ. 11 ಲಕ್ಷದ ಐಡಿವಿಗೆ ಈ ಗೆರೆ 8.25 ಲಕ್ಷ. ಆದ್ದರಿಂದ ಗೆರೆಯ ಆಸುಪಾಸಿನಲ್ಲಿರುವ ಕಾರಿಗೆ ಅಂದಾಜಿನಲ್ಲಿ ಒಂದೆರಡು ಬಿಡಿಭಾಗ ಹೆಚ್ಚಾದರೂ, ಕಡಿಮೆಯಾದರೂ ಫಲಿತಾಂಶವೇ ಬದಲಾಗುತ್ತದೆ. ಒಂದೆಡೆ ಕಾರು ಗುಜರಿಗೆ, ಇನ್ನೊಂದೆಡೆ ವಾರಗಟ್ಟಲೆ ಗ್ಯಾರೇಜಿಗೆ.

ದುರಸ್ತಿಗೆ ನಿಲ್ಲುವ ಕಾರಿನ ಮಾಲೀಕರನ್ನು ಕಾಡುವುದು ಸವಕಳಿ. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳಿಗೆ ಶೇ 50 ಕಡಿತವಾಗುತ್ತದೆ. ಗಾಜಿಗೆ ಕಡಿತವಿಲ್ಲ. ಲೋಹದ ಭಾಗಗಳಿಗೆ ಕಾರಿನ ವಯಸ್ಸೇ ಮಾನದಂಡ. ಮೂರರಿಂದ ನಾಲ್ಕು ವರ್ಷದೊಳಗಿನ ಕಾರಿಗೆ ಶೇ 25. ಉದಾಹರಣೆಗೆ, ಅಂತಹ ಕಾರಿನ ಬಂಪರಿಗೆ 10,000, ಬಾನೆಟ್ಟಿಗೆ 12,000, ಮುಂಭಾಗದ ಗಾಜಿಗೆ 8,000 ರೂಪಾಯಿ ಎಂದಿಟ್ಟುಕೊಳ್ಳೋಣ. ಒಟ್ಟು 30,000ದಲ್ಲಿ ವಿಮೆ ಕೊಡುವುದು 22,000. ಸಣ್ಣ ಎಂಜಿನ್ನಿನ ಕಾರಿಗೆ ಕಡ್ಡಾಯವಾಗಿ ಕಳೆಯುವ 1,000 ರೂಪಾಯಿಯನ್ನೂ ಸೇರಿಸಿದರೆ ಮಾಲೀಕರ ಜೇಬಿನಿಂದ 9,000 ಹೋಗುತ್ತದೆ. ಕೂಲಿ, ಬಣ್ಣದ ಲೆಕ್ಕ ಬೇರೆ. ‘ಎಲ್ಲವೂ ಇನ್ಶೂರೆನ್ಸಿನಲ್ಲಿ ಆಗುತ್ತದೆ ಸರ್’ ಎಂಬ ಮಾತನ್ನು ನಂಬಿ ಸಹಿ ಹಾಕಿದವರಿಗೆ ಗಾಡಿ ಬಿಡಿಸಿಕೊಳ್ಳುವ ದಿನವಷ್ಟೇ ಈ ಲೆಕ್ಕ ತಿಳಿಯುತ್ತದೆ.

ಬಿಡಿಭಾಗಗಳ ಬೀಗ

ದುಬಾರಿಯಾದರೆ ಬೇರೆ ಗ್ಯಾರೇಜಿಗೆ ಹೋಗಬಹುದಲ್ಲ ಎಂಬ ಪ್ರಶ್ನೆ ಸಹಜ. ಆ ದಾರಿಯೂ ಸಲೀಸಾಗಿರಲಿಲ್ಲ. ಮೂಲ ಬಿಡಿಭಾಗಗಳನ್ನೂ ದೋಷ ಪತ್ತೆಯ ಸಾಧನಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತ್ತು. ಕಂಪನಿಗಳು ಆದೇಶವನ್ನು ಮೇಲ್ಮನವಿಯಲ್ಲಿ ಪ್ರಶ್ನಿಸಿದವು. ಆದರೆ ಗ್ರಾಹಕರು ಒಂದೇ ಬಾಗಿಲಿಗೆ ಹೋಗಬೇಕಾದ ಸ್ಥಿತಿ ಹೇಗೆ ನಿರ್ಮಾಣವಾಯಿತೆಂಬುದನ್ನು ಆ ಆದೇಶ ಬಿಡಿಸಿ ತೋರಿಸಿತು.

ಸರ್ವೇಯರ್ ಮಾತೇ ಅಂತಿಮವಲ್ಲ

ಡೀಲರ್ ಬರೆದ ಅಂದಾಜನ್ನು ವಿಮಾ ಕಂಪನಿ ನೇಮಿಸಿದ ಸರ್ವೇಯರ್ ಪರಿಶೀಲಿಸಿ ಕತ್ತರಿ ಹಾಕುತ್ತಾರೆ. ವಿಮಾ ನಿಯಂತ್ರಣ ಪ್ರಾಧಿಕಾರವು 2024ರಲ್ಲಿ ಹೊರಡಿಸಿದ ಸುತ್ತೋಲೆಯಂತೆ ಕ್ಲೇಮು ದಾಖಲಾದ 24 ಗಂಟೆಯೊಳಗೆ ಸರ್ವೇಯರ್ ನೇಮಕವಾಗಬೇಕು, 15 ದಿನದಲ್ಲಿ ವರದಿ ಬರಬೇಕು, ನಂತರದ 7 ದಿನದಲ್ಲಿ ತೀರ್ಮಾನವಾಗಬೇಕು. ಸರ್ವೇಯರ್ ವರದಿ ಮಹತ್ವದ್ದಾದರೂ ಅದೇ ಕೊನೆಯ ಮಾತಲ್ಲವೆಂದು ಸುಪ್ರೀಂ ಕೋರ್ಟ್ 2009ರಲ್ಲಿ ನ್ಯೂ ಇಂಡಿಯಾ ಅಶ್ಯೂರೆನ್ಸ್ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ಕಡಿತದ ಪ್ರತಿಯೊಂದು ಸಾಲಿಗೂ ಲಿಖಿತ ಕಾರಣ ಕೇಳುವುದು ವ್ಯರ್ಥವಲ್ಲ.

ತಕರಾರು ಬಗೆಹರಿಯದಿದ್ದರೆ ಬೈರಿದೇವರಕೊಪ್ಪದ ನಿವಾಸಿ ಬೆಂಗಳೂರಿಗೋ ಕಂಪನಿಯ ಮುಖ್ಯ ಕಚೇರಿ ಇರುವ ಊರಿಗೋ ಅಲೆಯಬೇಕಿಲ್ಲ. ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಲು ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಅವಕಾಶ ನೀಡಿದೆ. ಅಂದರೆ ಧಾರವಾಡ ಜಿಲ್ಲಾ ಗ್ರಾಹಕರ ಆಯೋಗವೇ ಸಾಕು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿವರೆಗೆ ಇದ್ದರೆ ದೂರಿಗೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಸಲ್ಲಿಸಬೇಕು. 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯೂ ಇದೆ. ವಿಮಾ ಕಂಪನಿಯ ವಿರುದ್ಧದ ದೂರನ್ನು ಮೊದಲು ಕಂಪನಿಗೆ ಬರೆದು, ಒಂದು ತಿಂಗಳಾದರೂ ಪರಿಹಾರ ಸಿಗದಿದ್ದರೆ ಒಂಬುಡ್ಸ್‌ಮನ್‌ಗೆ ಒಯ್ಯಬಹುದು. ಆದರೆ ಡೀಲರ್ ಮೇಲಿನ ದೂರು ಅಲ್ಲಿ ನಡೆಯದು.

ಸಹಿಗೆ ಮೊದಲು

ಕಾನೂನಿನ ಈ ಬಲವೆಲ್ಲ ನಿಂತಿರುವುದು ಕಾಗದದ ಮೇಲೆ. ಕಾರು ಬಿಚ್ಚುವುದಕ್ಕೆ ಮೊದಲೇ ಅಂದಾಜು ತಯಾರಿಕೆಯ ಶುಲ್ಕ ಎಷ್ಟು, ದುರಸ್ತಿ ಮಾಡಿಸದೆ ಒಯ್ದರೆ ಏನು ಕೊಡಬೇಕು, ನಿಲುಗಡೆಗೆ ದಿನದ ಬಾಡಿಗೆ ಇದೆಯೇ ಎಂಬುದನ್ನು ಜಾಬ್ ಕಾರ್ಡಿನಲ್ಲಿ ಬರೆಯಿಸಿಕೊಳ್ಳಬೇಕು. ಬದಲಾಯಿಸುವ ಭಾಗಗಳು ಯಾವುವು, ಸರಿಪಡಿಸುವವು ಯಾವುವು ಎಂಬುದು ಬೇರೆಬೇರೆಯಾಗಿರಬೇಕು. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿರುವುದು ಪಟ್ಟಿಯಲ್ಲಿ ಕಾಣಿಸಿದೆಯೇ ಎಂದೂ ನೋಡಬೇಕು.

ಬೆಂಗಳೂರಿನ ಮಾಲೀಕರಿಗೆ ಸುಮಾರು 40,000 ರೂಪಾಯಿ ಉಳಿದದ್ದು ವಿಷಯ ಸುದ್ದಿಯಾದ ಬಳಿಕ. ಎಲ್ಲರ ಕಾರೂ ಸುದ್ದಿಯಾಗುವುದಿಲ್ಲ. ಅಂದಾಜು ಶುಲ್ಕದ ಗರಿಷ್ಠ ಮಿತಿಯನ್ನು ಪ್ರತಿ ಸರ್ವೀಸ್ ಕೇಂದ್ರದ ಗೋಡೆಯ ಮೇಲೆ ಬರೆದು ಹಾಕಬೇಕೆಂಬ ನಿಯಮ ಬಂದರೆ ಡೀಲರ್‌ಗಳಿಗೆ ಆಗುವ ನಷ್ಟ ಒಂದು ಫಲಕದ ಖರ್ಚು ಮಾತ್ರ. ಅಂತಹ ನಿಯಮ ಬರುವವರೆಗೆ, ಕೇಳಿ ಬರೆಯಿಸಿಕೊಳ್ಳುವ ಹೊಣೆ ಮಾಲೀಕರದೇ.