ನೆಟ್ಟ ಚರ್ಮ

ನೆರೆಮನೆಯ ಹುಡುಗಿಯ ಕೈ ಬೆಂಕಿಯಲ್ಲಿ ಬೆಂದಿತು. ವೈದ್ಯರು ತೊಡೆಯ ಚರ್ಮವನ್ನು ತೆಗೆದು ಅಲ್ಲಿ ನೆಟ್ಟರು. ಮೂರನೆಯ ದಿನವೇ ಅಜ್ಜಿಯವರಿಗೆ ಕಟ್ಟನ್ನು ಬಿಚ್ಚಿ ಎಳ್ಳೆಣ್ಣೆ ಹಾಕುವ ಆತುರ; ದಾದಿಯು ತಡೆದಳು. ಮೂಗನ್ನು ಜೋಡಿಸಿದ ಮೇಲೆ ಎಳ್ಳೆಣ್ಣೆ ಚಿಮುಕಿಸಬೇಕೆಂಬ ಸುಶ್ರುತನ ವಿಧಿಯನ್ನು ಹಿಂದೆ ಅವರಿಗೆ ಓದಿ ಹೇಳಿದವರು ನಾವೇ! ಆದರೂ ದಾದಿಯ ಪಕ್ಷವನ್ನೇ ಹಿಡಿದೆವು.

ನೆಟ್ಟ ಚರ್ಮವು ಮೊದಲು ಕೆಳಗಣ ವ್ರಣದ ರಸವನ್ನು ಹೀರಿಯೇ ಬದುಕುವುದು. ಎರಡು ಮೂರು ದಿನಗಳಲ್ಲಿ ರಕ್ತನಾಳಗಳು ಕೂಡಲಾರಂಭಿಸುವುವು. ಆಗ ಅದು ಸರಿದರೆ, ಅಥವಾ ಅಡಿಯಲ್ಲಿ ರಕ್ತ ನಿಂತರೆ, ಪಟ್ಟ ಶ್ರಮವೆಲ್ಲ ವ್ಯರ್ಥ. ದುರ್ಗಂಧ, ಜ್ವರ, ಏರುವ ನೋವು ಕಂಡರೆ ಮಾತ್ರ ತಡಮಾಡದೆ ವೈದ್ಯರಿಗೆ ತಿಳಿಸತಕ್ಕದ್ದು.

ಐದನೆಯ ದಿನ ವೈದ್ಯರೇ ಬಿಚ್ಚಿದರು. ಚರ್ಮವು ಎಳೆಗೆಂಪಾಗಿ ಅಂಟಿತ್ತು. ಹುಡುಗಿ ಅತ್ತದ್ದು ಮಾತ್ರ ತೊಡೆಯ ಉರಿಗೆ. ಅದನ್ನು ನಾವಾರೂ ವಿಚಾರಿಸಿರಲಿಲ್ಲ.